ಹಲ್ಲಲ್ಲಿ ಕಚ್ಚಿದ ದಾರ

ಮನೆಯಲ್ಲಿ ನನ್ನನ್ನು ಮಡಿಮುದುಕಿ ಎಂದು ಆಡಿಕೊಳ್ಳುತ್ತಿದ್ದರು. ಆಗಿನ್ನೂ ಪಿಯುಸಿ ಓದುತ್ತಿದ್ದೆ. ಯಾರಾದರೂ ಕಚ್ಚಿ ಕುಡಿದ ಚೊಂಬನ್ನು ತೊಳೆಯದೆ ಮುಟ್ಟುತ್ತಿರಲಿಲ್ಲ, ಇನ್ನೊಬ್ಬರ ಬಾಚಣಿಗೆಯನ್ನು ತಲೆಗೆ ಹಚ್ಚುತ್ತಿರಲಿಲ್ಲ. ಇದಕ್ಕೆ ನನಗೆ ನಾಚಿಕೆಯೇನೂ ಇಲ್ಲ. ಈಗಲೂ ಬ್ಯೂಟಿಪಾರ್ಲರಿನ ಪೌಡರ್ ವಾಸನೆ ಮೂಗಿಗೆ ಬಡಿದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ. ಅದು ಶುರುವಾದದ್ದು ಅಕ್ಕನ ಮದುವೆಯಲ್ಲಿ.

ತೊಂಬತ್ತರ ದಶಕದ ಕೊನೆಯ ಮಾತು. ನಾವು ಕೊಟ್ಟೂರಿನವರು. ಅಕ್ಕನನ್ನು ಕೊಡಲು ಒಪ್ಪಿದ್ದ ಮನೆ ಹಗರಿಬೊಮ್ಮನಹಳ್ಳಿಯಲ್ಲಿತ್ತು. ಆ ಮನೆಯ ಹಿರಿಸೊಸೆ, ಅಂದರೆ ಅಕ್ಕನಿಗೆ ವಾರಗಿತ್ತಿಯಾಗಬೇಕಾದವಳು, ದಾವಣಗೆರೆಯಲ್ಲಿ ಅಷ್ಟಿಷ್ಟು ಕಲಿತು ಬಂದು ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ತೆರೆದಿದ್ದಳು. ಮದುವೆ ಇನ್ನು ಹತ್ತು ದಿನವಿದೆ ಎನ್ನುವಾಗ ನಮ್ಮ ಎದುರಿನ ಕಿರಾಣಿ ಅಂಗಡಿಗೆ ಅವಳ ಫೋನ್ ಬಂತು. ಹುಡುಗಿಯನ್ನು ಕಳಿಸಿ, ನಮ್ಮ ಮನೆಗೆ ಬರುವ ಸೊಸೆಯ ಮುಖ ನಾನೇ ತಿದ್ದುತ್ತೇನೆ ಎಂದಳಂತೆ. ಅವ್ವ ಹಿಗ್ಗಿಹೋದಳು. ನನ್ನನ್ನು ಜೊತೆಗೆ ಅಟ್ಟುವಾಗ ಮಾತ್ರ ಕಣ್ಣು ಬಿಟ್ಟು ಹೇಳಿದಳು: "ಅಲ್ಲಿ ಮೂಗು ಮುರೀಬ್ಯಾಡ. ಬೀಗರ ಮನಿ ಅದು."

ಮೂಗು ಮುರಿಯದೆ ಇರುವುದು ಹೇಗೆ? ಆ ಪಾರ್ಲರಿನ ಕನ್ನಡಿಯ ಅಂಚಿನ ತುಂಬ ಬಂದುಹೋದವರ ಹಣೆಯಿಂದ ಕಿತ್ತು ಅಂಟಿಸಿದ ಟಿಕಳಿಗಳು. ಬಾಚಣಿಗೆಯ ಹಲ್ಲಿನ ನಡುವೆ ಜಿಡ್ಡು, ಅದರಲ್ಲಿ ಸಿಕ್ಕ ಬಣ್ಣಬಣ್ಣದ ಕೂದಲು. ಕೊರಳಿಗೆ ಹೊದಿಸುವ ಬಟ್ಟೆ ಎಷ್ಟೋ ಜನರ ಬೆವರು ಕುಡಿದು ಅಟ್ಟೆಯಾಗಿತ್ತು. ಮೂಲೆಯ ಸ್ಟೋವಿನ ಮೇಲೆ ಕೈಕಾಲಿನ ಕೂದಲು ಕೀಳುವ ಸಕ್ಕರೆ ಪಾಕ ಕುದಿಯುತ್ತಿತ್ತು. ಆಗಲೇ ಯಾರದೋ ಕಾಲಿಗೆ ಬಳಿದು ಎಳೆದದ್ದನ್ನೇ ಮತ್ತೆ ಕಾಯಿಸಿ, ಆ ಪುಣ್ಯಾತ್ಗಿತ್ತಿ ಚಹದ ಸೋಸಣಿಗೆಯಲ್ಲಿ ಸೋಸುತ್ತಿದ್ದಳು.

"ಕೂದಲಾ ಎಲ್ಲಾ ಮ್ಯಾಲೇ ನಿಂತ್ಕಂತಾವ ನೋಡವ್ವಾ. ಪಾಕ ಹೊಸಾದಕ್ಕಿಂತ ಚಲೋ ಬರ್ತೈತಿ," ಎಂದು ನನಗೆ ಹೆಮ್ಮೆಯಿಂದ ತೋರಿಸಿದಳು.

ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಹುಬ್ಬಿನ ಸುತ್ತ ಕೀವು ತುಂಬಿದ ಗುಳ್ಳೆಗಳು. ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಉಳಿದದ್ದನ್ನು ಬೆರಳಿಗೆ ಸುತ್ತಿ, ವಾರಗಿತ್ತಿ ಆ ಗುಳ್ಳೆಗಳ ಮೇಲೇ ಚರಚರ ಎಳೆದಳು. ಕೆಲವು ಒಡೆದವು. ಪೌಡರ್ ಒದ್ದೆಯಾಗಿ ಮುದ್ದೆಗಟ್ಟಿತು. ಆ ಹೆಂಗಸು ಎದ್ದು ಹೋದಳು, ಅಕ್ಕ ಕೂತಳು, ದಾರ ಮಾತ್ರ ಬದಲಾಗಲಿಲ್ಲ. ಹಲಗೆಯ ಮೇಲೆ ತುಂಬಿದ ದಾರದ ಉಂಡೆ ಇದ್ದೇ ಇತ್ತು. ಆಕೆ ಬೆರಳಿಗೆ ಸುತ್ತಿದ್ದನ್ನೇ ಎಂಜಲಲ್ಲಿ ತೋಯಿಸಿ ಅಕ್ಕನ ಹುಬ್ಬಿಗೆ ಒಯ್ದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕಾರ, ಹೊಸಾ ದಾರ ತಗೀರಿ."

"ಯಾಕವ್ವಾ, ನನ್ನ ಎಂಜಲಂದ್ರ ಹೇಸಿಗೇನು? ನಾಳಿ ನಿಮ್ಮಕ್ಕ, ನಾನು ಒಂದೇ ತಾಟಿನಾಗ ಉಣ್ಣೋರು!"

ಒಳಗೆ ಅಕ್ಕನ ಅತ್ತೆಯಾಗುವವಳು ಕೆಮ್ಮಿದಳು. ಅಕ್ಕ ಕನ್ನಡಿಯಲ್ಲೇ ನನ್ನನ್ನು ನೋಡಿ, "ಸುಮ್ಕಿರಲೇ," ಎಂದಳು. ಅವಳಿಗೂ ಎಲ್ಲ ಕಂಡಿತ್ತು. ಆದರೂ ಕಣ್ಣು ಮುಚ್ಚಿ ಮುಖ ಕೊಟ್ಟಳು. ಆಮೇಲೆ ಚಹ ಬಂತು. ನಾನು ಕುಡಿಯಲಿಲ್ಲ. ಅಕ್ಕ ಅದನ್ನೂ ಕುಡಿದಳು.

ಮೂರು ದಿನಕ್ಕೆ ಅಕ್ಕನ ಹುಬ್ಬಿನ ಮೇಲೆ ಗುಳ್ಳೆ ಎದ್ದವು. ಒಡೆದು, ನೀರು ಸೋರಿ, ಹಳದಿ ಹಕ್ಕಳೆ ಕಟ್ಟಿ ಕೆನ್ನೆಯವರೆಗೂ ಇಳಿದವು. ದವಾಖಾನೆಯ ಡಾಕ್ಟರು ನೋಡಿದವರೇ ಹುಬ್ಬು ಎಲ್ಲಿ ತೆಗೆಸಿದೆ ಎಂದು ಕೇಳಿದರು. ಯಾರದೋ ಮುಖದ ಕೀವು ನಿನ್ನ ಮುಖಕ್ಕೆ ಬಂದಿದೆಯಮ್ಮ ಎಂದು ಮುಲಾಮು, ಗುಳಿಗೆ ಕೊಟ್ಟರು. ಅಕ್ಕ ಮನೆಗೆ ಬಂದು ದಿಂಬಿಗೆ ಮುಖ ಒತ್ತಲೂ ಆಗದೆ ಕೂತೇ ಅತ್ತಳು.

ಸುದ್ದಿ ಹೋಗಿ ಬೀಗರ ಮನೆಯಿಂದ ಅತ್ತೆ, ಹಿರಿಸೊಸೆ ಇಬ್ಬರೂ ಬಂದರು. ಅತ್ತೆ ನೀರು ಕೂಡ ಮುಟ್ಟಲಿಲ್ಲ.

"ಚರ್ಮದ ರೋಗ ಇತ್ತಂದ್ರ ಮೊದ್ಲೇ ಹೇಳಬೇಕಿತ್ತು ಬೀಗರ. ಮುಚ್ಚಿಟ್ಟು ಹೆಣ್ಣು ಕೊಡೋದು ಚಂದಲ್ಲ. ಲಗ್ನ ಸದ್ಯಕ್ಕ ನಿಲ್ಲಿಸಿ ವಿಚಾರ ಮಾಡೋಣು."

ಹಿರಿಸೊಸೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದಳು. ಎಲ್ಲ ಗೊತ್ತಿದ್ದೂ ತುಟಿ ಬಿಚ್ಚದ ಆ ಮುಖ ನನಗೆ ಆ ಪಾಕಕ್ಕಿಂತಲೂ ಅಸಹ್ಯವಾಗಿ ಕಂಡಿತು. ಕೊನೆಗೆ ಬಿಚ್ಚಿದ್ದು ಹೀಗೆ: "ಹೋಗ್ಲಿ ಬಿಡ್ರಿ ಅತ್ತೀ. ಮ್ಯಾಲೆ ದಪ್ಪಗ ಕ್ರೀಮು, ಪೌಡರ್ ಹಚ್ಚಿ ನಾನೇ ಮುಚ್ಚತೀನಿ."

ಕೋಣೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಸೆರಗಿನಿಂದ ಮುಖ ಮುಚ್ಚಿರಲಿಲ್ಲ.

"ಮುಚ್ಚೋದು ಬ್ಯಾಡ್ರಿ. ಇದು ನಮ್ಮ ಮನಿಯಾಗ ಇದ್ದ ರೋಗ ಅಲ್ಲ, ನಿಮ್ಮ ಮನಿ ಕುರ್ಚಿ ಮ್ಯಾಲೆ ಕುಂತು ತಂದದ್ದು. ನನಗಿಂತ ಮುಂಚೆ ಕುಂತಾಕಿ ಮುಖ ಹೆಂಗಿತ್ತು, ಅಕ್ಕಾರನ್ನ ಕೇಳ್ರಿ."

ವಾರಗಿತ್ತಿ ತಡವರಿಸಿದಳು. "ಅವತ್ತು ದಾರ ತೀರಿತ್ತರಿ..."

"ಉಂಡಿ ತುಂಬ ಇತ್ತು!" ಎಂದೆ ನಾನು. ಈ ಸಲ ಯಾರೂ ನನ್ನನ್ನು ಗದರಿಸಲಿಲ್ಲ.

ಅತ್ತೆ ಹಿರಿಸೊಸೆಯನ್ನೇ ನೋಡುತ್ತಾ ಕೂತಳು. ಕೈ ತಾನಾಗಿ ತನ್ನ ಗದ್ದಕ್ಕೆ ಹೋಯಿತು. ಗದ್ದದ ಮೇಲಿನ ಕೂದಲನ್ನು ಆಗಾಗ ಆ ಸೊಸೆಯ ಕೈಲೇ ತೆಗೆಸಿಕೊಳ್ಳುತ್ತಿದ್ದಳೆಂದು ಆಮೇಲೆ ತಿಳಿಯಿತು. ಲಗ್ನ ನಿಲ್ಲಿಸುವ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಸುರಗಿ. ನಾಲ್ಕು ಮೂಲೆಗೆ ತಂಬಿಗೆಯಿಟ್ಟು, ಸುತ್ತ ಬಿಳಿ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ನೀರೆರೆಯುವ ಶಾಸ್ತ್ರ. ಅಕ್ಕ ಹಕ್ಕಳೆಯ ಮುಖದಲ್ಲೇ ಕೂತಿದ್ದಳು. ಅತ್ತೆ ನೂಲಿನ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಹೊಸಾದೈತಿಲ್ಲ? ಬಳಸಿದ್ದು ಸುರಗಿಗೆ ನಡಿಯಂಗಿಲ್ಲ."

ತಾಮ್ರದ ತಂಬಿಗೆಗೆ ಇರುವ ಈ ಮಡಿ ಮನುಷ್ಯರ ಚರ್ಮಕ್ಕೆ ಏಕಿಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ನೂಲು ಸುತ್ತುವ ಮುತ್ತೈದೆಯರಲ್ಲಿ ಹಿರಿಸೊಸೆಯೇ ಮುಂದಿದ್ದಳು. ಸುತ್ತಿ ಮುಗಿಸಿ, ಹರಿಯಲೆಂದು ನೂಲನ್ನು ಬಾಯಿಗೆ ಒಯ್ದಳು.

"ಬಾಯಿ ಹಚ್ಚಬ್ಯಾಡ್ರಿ ಅಕ್ಕಾರ," ಎಂದಳು ಅಕ್ಕ. ಮೆಲ್ಲಗೆ ಅಂದರೂ ಎಲ್ಲರಿಗೂ ಕೇಳಿಸಿತು.

ವಾರಗಿತ್ತಿ ನಗುತ್ತಾ ಅತ್ತೆಯ ಕಡೆ ತಿರುಗಿದಳು. ಅತ್ತೆ ನಗಲಿಲ್ಲ. ಅವಳ ಕೈಯಿಂದ ನೂಲು ಕಿತ್ತುಕೊಂಡು, "ಯಾರರ ಒಂದು ಕತ್ತರಿ ತರ್ರಿ," ಎಂದಳು.