ನೆಲಬೇವು ಮತ್ತ ನಾಕನೇ ದಿನದ ಮಾತು

ನಮ್ಮ ಬಬಲೇಶ್ವರದಾಗ ನನ್ನ ಹಿತ್ತಲದ ನೆಲಬೇವಿಗೆ ನನ್ನಷ್ಟ ಹೆಸರೈತಿ. ಸಾಲ್ಯಾಗ ವಿಜ್ಞಾನ ಕಲಿಸಿ ರಿಟಾಯರ್ ಆದಾಕಿ ನಾನು. ಊರು ಇನ್ನೂ ಅಕ್ಕೋರ ಅಂತನ ಕರೀತೈತಿ. ನೆಗಡಿ, ಮೈಬಿಸಿ ಅಂತ ಯಾರ ಬಂದ್ರೂ ಎಲಿ ಕುದಿಸಿ, ಕಷಾಯ ಕೈಗಿಟ್ಟು, ನನ್ನ ಮುಂದ ಕುಡಿಸಿ ಕಳಸ್ತೇನಿ. ಮಾರಿ ಕಿವುಚಿದವರಿಗೆ ಬೈಗಳ ಬ್ಯಾರೆ.

ನನ್ನ ಸೊಸಿ ವಿಜಯಪುರದಾಗ ನರ್ಸು. ಒಂದಿನ ಅಂದಳು, "ಅತ್ತಿ, ನೆಗಡಿ ವಾರದಾಗ ತಾನ ಹೋಗ್ತೈತಿ. ನಿಮ್ಮ ಕಷಾಯದಿಂದನ ಹೋತು ಅನ್ನಾಕ ಪುರಾವೆ ಏನೈತಿ?" ನನಗ ಸಿಟ್ಟು ನೆತ್ತಿಗೇರಿತು. ಊರ ಮಕ್ಕಳಿಗೆಲ್ಲ ಪುರಾವೆ ಅಂದ್ರ ಏನಂತ ಕಲಿಸಿದಾಕಿಗೆ ಇಕಿ ಪಾಠ! ಆದ್ರ ಫೋನಿನ್ಯಾಗ ಆಕಿ ಓದಿ ಹೇಳಿದ್ದು ನ್ಯಾಯದ ಮಾತಿತ್ತು: ಕೆಮ್ಮು, ಗಂಟಲ ಕೆರತಕ್ಕ ನೆಲಬೇವು ಒಂದಿಷ್ಟು ಅನುಕೂಲ ಅಂತ ಕೆಲವು ಪರೀಕ್ಷೆ ಹೇಳ್ತಾವ, ಆದ್ರ ಆ ಪರೀಕ್ಷೆಗಳು ಅಷ್ಟೇನ ಗಟ್ಟಿ ಇಲ್ಲ.

"ನಾ ಗಟ್ಟಿ ಮಾಡಿ ತೋರಸ್ತೇನಿ, ತಡಿ" ಅಂದೆ.

ಒಂದು ನೋಟಬುಕ್ ತಂದೆ. ಕಷಾಯ ಕೊಟ್ಟ ದಿನ ಬರಿಯೋದು, ನಾಕನೇ ದಿನ ಮನಿಗೇ ಹೋಗಿ ಕೇಳೋದು. ಎಲ್ಲಾರದೂ ಒಂದ ಮಾತು: "ಪೂರಾ ಆರಾಮರಿ, ಅಕ್ಕೋರ." ಪುಟ ತುಂಬಿದಂಗ ನಾನೂ ಉಬ್ಬಿದೆ.

ಆ ಚಳಿಗಾಲದಾಗ ನಮ್ಮ ಓಣಿ ಹೆಣಮಗಳೊಬ್ಬಾಕಿ ಜ್ವರ, ಕೆಮ್ಮು ಹಚಗೊಂಡು ಮಲಗಿದಳು. ನನ್ನ ಹಳೇ ವಿದ್ಯಾರ್ಥಿನಿ, ದಿನಾ ತಿಕೋಟಾದ ದ್ರಾಕ್ಷಿ ತ್ವಾಟದ ಕೆಲಸಕ್ಕ ಹೋಗೂವಾಕಿ. ದಿನಾ ಮುಂಜಾನೆ ನಾನ ಕಷಾಯ ಒಯ್ದು ಕೊಟ್ಟೆ. ನಾಕನೇ ದಿನ ಸೆರಗು ಬಿಗಿಯಾಗಿ ಹೊದ್ದು ಬಾಗಿಲಿಗೆ ಬಂದು, ಆಕಿನೂ ಪೂರಾ ಆರಾಮ ಅಂದಳು. ಬರಕೊಂಡೆ.

ಐತವಾರ ಸೊಸೀನ್ನ ಕರಕೊಂಡು ಆಕಿ ಮನಿಗೆ ಹೋದೆ, ಪುರಾವೆ ಕಣ್ಣಾರೆ ನೋಡು ಅಂತ. ಚಾ ಕಪ್ಪು ಕೊಡೂಮುಂದ ಆಕಿ ಬೆರಳು ನನ್ನ ಕೈಗೆ ತಾಗಿದ್ವು. ಯಪ್ಪಾ, ಕಾದ ಹಂಚು! ಸೊಸಿ ಜ್ವರ ನೋಡಿದಳು, ಉಸಿರು ಎಣಿಸಿದಳು. "ಅತ್ತಿ, ಇದು ನೆಗಡಿ ಅಲ್ಲ. ಈಗಿಂದೀಗ ದವಾಖಾನಿಗೆ ನಡೀರಿ."

ವಿಜಯಪುರದ ಹಾದ್ಯಾಗ ನಾನು ಒದರೇ ಒದರಿದೆ. "ಸುಳ್ಳ ಯಾಕ ಹೇಳಿದಿ ಬೇ?"

ತೇಕಕೋತ ಅಂದಳು, "ಥಂಡ್ಯಾಗ ದಿನಾ ಕುದಿಸಿಕೊಂಡು ತರ್ತಿದ್ರಿ. ನಿಮ್ಮ ಮಾರಿ ಮ್ಯಾಲೆ ಕಡಿಮಿ ಆಗಿಲ್ಲ ಅಂತ ಹ್ಯಾಂಗ ಅನ್ನೂದ್ರಿ?"

ಮಂದಿ ಮನ್ಯಾಗ ಉಪ್ಪಾದ ಸಾರನ್ನ ಛಲೋ ಆಗೇತಿ ಅಂತ ಇನ್ನೊಂದು ಸಲ ಹಾಕಿಸಿಕೊಂಡು ಉಣ್ಣೂ ಮಂದಿ ನಾವು. ಪುಕ್ಕಟೆ ಕಷಾಯ ಕೊಟ್ಟಾಕಿನೂ ನಾನ, ಗುಣ ಆತೇನು ಅಂತ ಕೇಳಿದಾಕಿನೂ ನಾನ. ಇಂಥಾ ಪ್ರಯೋಗ ಎಂಟನೇ ಕ್ಲಾಸಿನ ಹುಡುಗರು ಮಾಡಿದ್ರ ಕಿವಿ ಹಿಂಡ್ತಿದ್ದೆ.

ಎದಿಯೊಳಗ ನ್ಯುಮೋನಿಯಾ ಆಗಿತ್ತು. ಇನ್ನೆರಡು ದಿನ ತಡಾ ಆಗಿದ್ರ ಕಷ್ಟ ಇತ್ತು ಅಂದ್ರು ಡಾಕ್ಟರು. ಜ್ವರ ಇಳಿಯೂತನಕಾ ನಾ ದವಾಖಾನಿ ಬಿಟ್ಟು ಬರಲಿಲ್ಲ.

ನೆಲಬೇವು ನಾ ಬಿಟ್ಟಿಲ್ಲ, ಬಿಡೂದೂ ಇಲ್ಲ. ನೆಗಡಿಗೆ ಕೊಡ್ತೇನಿ. ಆದ್ರ ಮೂರು ದಿನಕ್ಕ ಜ್ವರ ಇಳೀಲಿಲ್ಲಂದ್ರ ರಟ್ಟಿ ಹಿಡದು ದವಾಖಾನಿಗೆ ಒಯ್ತೇನಿ. ಗುಣ ಆತೋ ಇಲ್ಲೋ ಅಂತ ಈಗ ಸೊಸಿ ಕೇಳ್ತಾಳ, ನಾ ಅಲ್ಲ.

ಆ ಹೆಣಮಗಳನ್ನ ದವಾಖಾನಿಯಿಂದ ಮನಿಗೆ ಕಳಸೂ ದಿನ ಮಾತ್ರ ನಾನ ಮಗ್ಗಲಕ್ಕ ಕುಂತು ಕೇಳಿದೆ. "ಈಗ ಖರೇ ಹೇಳು. ಕಷಾಯದಿಂದ ಏನರ ಆತೇನು?"

"ಏನೂ ಆಗಲಿಲ್ರಿ, ಅಕ್ಕೋರ" ಅಂದು ಅತ್ತಳು. ನನಗೂ ಅಳು ತಡೀಲಿಲ್ಲ. ನೋಟಬುಕ್ಕಿನ್ಯಾಗ 'ಪೂರಾ ಆರಾಮ' ಅನ್ನೂ ಹಳೇ ಸಾಲು ಹೊಡದು, ಆಕಿ ಮಾತು ಬರದೆ. ನನ್ನ ಕಣ್ಣಾಗ ನೀರು ನೋಡಿ ಆಕಿ ಗಡಬಡಿಸಿ, "ಗಂಟಲಿಗೆ ಮಾತ್ರ ಚೂರು ಹಗರ ಅನಸ್ತಿತ್ತರಿ" ಅಂದಳು.

ಅದನ್ನ ಬರಕೊಳ್ಳಲಿಲ್ಲ.