ಹಳ್ಳದ ಆಚೆಯ ದರ್ಜಿ ಚಾಚಾ

ಹೋದ ವಾರ ಬಸವಕಲ್ಯಾಣದಲ್ಲಿ ತಂಗಿಯ ಮನೆಗೆ ನಡೆದು ಹೋಗುತ್ತಿದ್ದೆ. ಓಣಿಯ ತಿರುವಿನಲ್ಲಿ ಒಬ್ಬಾತ ಇದ್ದಿಲಿನ ಇಸ್ತ್ರಿಪೆಟ್ಟಿಗೆಯಿಂದ ಬಟ್ಟೆ ತಿಕ್ಕುತ್ತಿದ್ದ. ನೀರು ಚಿಮುಕಿಸಿದ ಹತ್ತಿ ಬಟ್ಟೆಯ ಮೇಲೆ ಬಿಸಿ ಕಬ್ಬಿಣ ಹರಿದಾಗ ಏಳುವ ಆ ವಾಸನೆ… ನಾನು ಅಲ್ಲೇ ನಿಂತುಬಿಟ್ಟೆ. ನಮ್ಮೂರಿನ ದರ್ಜಿ ಚಾಚಾನ ಅಂಗಡಿಯ ವಾಸನೆ ಅದು.

ನಮ್ಮೂರು ಹುಮನಾಬಾದಿನಿಂದ ಹುಡಗಿ ಎಂಬ ಊರಿನ ಕಡೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ಪಕ್ಕದಲ್ಲಿ ಹಳ್ಳ, ಹಳ್ಳದ ಆಚೆ ಕೆಲವೇ ಮನೆಗಳ ಒಂದು ಸಣ್ಣ ವಾಡಿ. ಚಾಚಾನ ಮನೆ ಆ ವಾಡಿಯಲ್ಲಿತ್ತು, ಅಂಗಡಿ ನಮ್ಮ ಓಣಿಯಲ್ಲಿ. ಹಳ್ಳ ದಾಟಲು ಒಂದು ಕಾಲುಸೇತುವೆ ಬೇಕೆಂದು ಆತ ಹರೆಯದಿಂದಲೂ ಅರ್ಜಿ ಕೊಡುತ್ತಲೇ ಬಂದಿದ್ದ. ತಾಲೂಕಿನವರು ಬೀದರಿಗೆ ಕಳಿಸುತ್ತಿದ್ದರು, ಬೀದರಿನವರು ಬೆಂಗಳೂರಿನ ಕಡೆ ಕೈ ತೋರಿಸುತ್ತಿದ್ದರು.

"ಬೆಂಗಳೂರಾಗ ಕುಂತಾಂವಗ ನಮ್ಮ ಹಳ್ಳ ಹ್ಯಾಂಗ ಕಾಣಬೇಕ್ರಿ ಬಾಯಿ? ಊರಿನ ಕೆಲಸದ ಫೈಸಲಾ ಊರಾಗೇ ಆಗ್ಬೇಕು," ಎನ್ನುತ್ತಿದ್ದ. ಓಣಿಯ ಹೆಂಗಸರನ್ನೆಲ್ಲ ಆತ 'ಬಾಯಿ' ಎಂದೇ ಕರೆಯುತ್ತಿದ್ದ.

ಪಂಚಾಯತಿ ಚುನಾವಣೆಯಲ್ಲಿ ಓಣಿಯೂ ವಾಡಿಯೂ ಸೇರಿದ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ, ನಿಲ್ಲಲು ಅಂಜುತ್ತಿದ್ದ ನನಗೆ ಧೈರ್ಯ ಹೇಳಿದವನೂ ಆತನೇ. ವಾಡಿಯ ಮನೆಮನೆಗೆ ಹೋಗಿ ನನಗಾಗಿ ಮತ ಕೇಳಿದ. ಗೆದ್ದೆ. ಮೊದಲ ಸಭೆಗೆ ನಾನು ತೊಟ್ಟ ಕುಪ್ಪಸವನ್ನು ಹೊಲಿದುಕೊಟ್ಟು, "ಈಗ ಅಧಿಕಾರ ನಮ್ಮ ಬಾಗಲಿಗೆ ಬಂದದ ನೋಡ್ರಿ," ಎಂದು ಕಣ್ಣರಳಿಸಿ ನಕ್ಕಿದ್ದ.

ಆ ವರ್ಷ ಮೊದಲ ಸಲ ಊರಿನ ದೊಡ್ಡ ಕೆಲಸವೊಂದನ್ನು ಗ್ರಾಮಸಭೆಯೇ ಆರಿಸಬೇಕೆಂದಾಯಿತು. ಹಳ್ಳಕ್ಕೆ ಕಾಲುಸೇತುವೆ, ಇಲ್ಲವೇ ನಮ್ಮ ಓಣಿಗೆ ಸಿಮೆಂಟ್ ರಸ್ತೆ. ಎರಡರಲ್ಲಿ ಒಂದು.

ಸಭೆಯ ದಿನ ಬೆಳಗಿನಿಂದ ಜೋರು ಮಳೆ. ಹಳ್ಳ ತುಂಬಿ ಹರಿಯುತ್ತಿತ್ತು. ಶಾಲೆಯ ಕೋಣೆ ನಮ್ಮ ಓಣಿಯ ಜನರಿಂದ ತುಂಬಿತ್ತು. ವಾಡಿಯವರು ಯಾರೂ ಇರಲಿಲ್ಲ. ಸಭೆ ಶುರುವಾದ ಮೇಲೆ ಚಾಚಾ ಒಬ್ಬನೇ ಬಂದ. ಪೈಜಾಮ ತೊಡೆಯವರೆಗೂ ತೊಯ್ದಿತ್ತು. ಬಾಗಿಲ ಬಳಿ ನಿಂತು, "ನಮ್ಮ ಮಂದಿ ಹಳ್ಳದ ಆಚಿ ದಂಡಿ ಮ್ಯಾಲೆ ನಿಂತಾರ್ರಿ. ದಾಟಾಕ ಆಗವಲ್ದು," ಎಂದ.

ಹಾಗೆನ್ನುತ್ತ ನನ್ನತ್ತ ನೋಡಿದ. ಸಭೆಯನ್ನು ಮುಂದೂಡಿ ಎಂದು ನಾನು ಹೇಳಬಹುದಿತ್ತು. ಸದಸ್ಯೆಯ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಭಾವ ಕುಳಿತಿದ್ದರು, ಓಣಿಯ ಹಿರಿಯರೆಲ್ಲ ಇದ್ದರು. ರಸ್ತೆ ಬರುವುದು ನಮ್ಮ ಮನೆಯ ಮುಂದೆಯೇ… ರಸ್ತೆಗೆ ಯಾರ್ಯಾರು ಎಂದು ಕೇಳಿದಾಗ ಕೈಗಳು ಎದ್ದವು. ನನ್ನದೂ ಎದ್ದಿತು.

ಚಾಚಾ ವಾದ ಮಾಡಲಿಲ್ಲ. "ಫೈಸಲಾ ಊರಾಗೇ ಆತು. ನಾ ಬೇಡಿದ್ದೂ ಅದನ್ನೇ," ಎಂದಷ್ಟೇ ಹೇಳಿ ಹಳ್ಳದ ಕಡೆ ನಡೆದ. ಇಷ್ಟು ವರ್ಷ ಆತನಿಗೆ ಇಲ್ಲವೆಂದವರೆಲ್ಲ ಮುಖ ಕಾಣದಷ್ಟು ದೂರದವರು. ಈ ಸಲ ಇಲ್ಲವೆಂದವರ ಅಂಗಿಗಳನ್ನೆಲ್ಲ ಹೊಲಿದವನು ಆತನೇ.

ಅದೇ ಮಳೆಗಾಲದಲ್ಲಿ ಅಂಗಡಿಗೆಂದು ಹಳ್ಳ ದಾಟುವಾಗ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ. ಮಗಳು ಬಸವಕಲ್ಯಾಣದ ತನ್ನ ಮನೆಗೆ ಕರೆದೊಯ್ದಳು. ನಮ್ಮ ಓಣಿಯ ಹೊಸ ರಸ್ತೆಯ ಮೇಲೆ ಆತನ ಅಂಗಡಿಯ ಬಾಗಿಲು ಮುಚ್ಚಿಯೇ ಉಳಿಯಿತು. ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ. ಆ ಕಡೆ ನೋಡುತ್ತಿರಲಿಲ್ಲ.

ಆತನನ್ನು ನೋಡಲು ಹೋಗಲಿಕ್ಕೂ ಬಹಳ ತಡಮಾಡಿದೆ. ಹೋದಾಗ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ನಾನು ಬೆಳೆ, ಮಳೆ, ಮಕ್ಕಳ ಓದು ಎಂದು ಏನೇನೋ ಮಾತಾಡಿದೆ. ಆತ ಎಲ್ಲವನ್ನೂ ಕೇಳಿಸಿಕೊಂಡ.

"ಸಭಾ ಆಗಾಕತ್ತಾವೇನ್ರಿ ಬಾಯಿ?"

"ಆಗಾಕತ್ತಾವ ಚಾಚಾ."

"ನಮ್ಮ ವಾಡ್ಯಾಗಿಂದ ಯಾರ್ ಬರ್ತಾರ?"

ಯಾರೂ ಬರುವುದಿಲ್ಲ ಎಂದೆ. ಆತ ಮೆಲ್ಲಗೆ ಹೇಳಿದ: "ನೀವು ಕೈ ಎತ್ತಿದ್ದಕ್ಕ ನನಗ ಸಿಟ್ಟಿಲ್ರಿ. ಆಚಿ ದಂಡಿಯವರು ಬರೂ ತನಕ ತಡೀರಿ ಅಂತ ಒಂದು ಮಾತು ಅಂತೀರಿ ಅನ್ಕೊಂಡಿದ್ದೆ."

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಚಹಾ ತಂದಳು… ಆ ಮಾತು ಹಾಗೆಯೇ ಉಳಿಯಿತು. ಮುಂದಿನ ಬೇಸಿಗೆಯಲ್ಲಿ ಚಾಚಾ ತೀರಿಕೊಂಡ.

ಆಮೇಲೆ ಹಟ ಹಿಡಿದು ಗ್ರಾಮಸಭೆಯನ್ನು ವಾಡಿಯಲ್ಲೇ ಸೇರಿಸಿದೆ. ಸೇತುವೆ ಮಂಜೂರಾಯಿತು, ಕಟ್ಟಿದ್ದೂ ಆಯಿತು. ಉದ್ಘಾಟನೆಯ ದಿನ ವಾಡಿಯ ಹೆಂಗಸರು ನನಗೆ ಶಾಲು ಹೊದಿಸಿದರು. ಹೊದ್ದುಕೊಂಡೆ.

ಹೋದ ವಾರ ಆ ಓಣಿಯಿಂದ ನೇರ ತಂಗಿಯ ಮನೆಗೆ ಹೋಗಲಾಗಲಿಲ್ಲ. ಚಾಚಾನ ಮಗಳ ಮನೆ ಹುಡುಕಿಕೊಂಡು ಹೋದೆ. ಅಂದು ಉಳಿದ ಮಾತನ್ನು ಅವಳಿಗಾದರೂ ಹೇಳಬೇಕೆಂದಿದ್ದೆ. ಬಾಗಿಲು ತೆರೆದವಳೇ ನನ್ನ ಎರಡೂ ಕೈ ಹಿಡಿದುಕೊಂಡಳು.

"ಸೇತುವೆ ನೀವೇ ಮಾಡಿಸಿದ್ರಂತ. ನಮ್ಮ ಅಬ್ಬಾ ಇರಬೇಕಿತ್ತು ನೋಡ್ರಿ, ಭಾಳ ಖುಷಿ ಪಡ್ತಿದ್ರು."

ಹೌದವ್ವಾ, ಇರಬೇಕಿತ್ತು, ಎಂದೆ. ಅವಳು ಒಳಗೆ ಕರೆದು ಕೂರಿಸಿದಳು. ಮಂಚವಿದ್ದ ಜಾಗದಲ್ಲಿ ಈಗ ಮೊಮ್ಮಕ್ಕಳ ಪುಸ್ತಕಗಳಿದ್ದವು. ಅವಳು ಕೊಟ್ಟ ಚಹಾ ಕುಡಿದು, ಅವಳ ಕೃತಜ್ಞತೆಯನ್ನೂ ಸುಮ್ಮನೆ ಸ್ವೀಕರಿಸಿ ಎದ್ದು ಬಂದೆ.