ಅಕ್ಕನ ಚೀಲದಲ್ಲಿ ಉಳಿದ ಏಳು ಅಡಿಕೆ

ಅಕ್ಕ ತೀರಿಹೋಗಿ ಆರು ತಿಂಗಳಾಯಿತು. ಅವಳ ಎಲೆಯಡಿಕೆ ಚೀಲ ಈಗ ನನ್ನ ಸೊಂಟದಲ್ಲಿದೆ. ನನಗೆ ಎಲೆಯಡಿಕೆ ಹಾಕುವ ಅಭ್ಯಾಸವಿಲ್ಲ. ಆದರೂ ಬೆಳಿಗ್ಗೆ ಮಂಡಿಗೆ ಹೊರಡುವಾಗ ಅದನ್ನು ಸಿಕ್ಕಿಸಿಕೊಳ್ಳುತ್ತೇನೆ. ಅದರಲ್ಲಿ ಮೂರು ಅಡಿಕೆ ಇವೆ. ಕೆಲವು ತಿಂಗಳ ಹಿಂದೆ ಏಳಿದ್ದವು.

ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಅಕ್ಕನೂ ನಾನೂ ಸೇರಿ ಹನ್ನೊಂದು ಹೆಂಗಸರು ಅಡಿಕೆ ಆರಿಸುತ್ತಿದ್ದೆವು. ನನಗೆ ಅದು ಹದಿನೆಂಟು ವರ್ಷದ ಕೆಲಸ. ಅಕ್ಕ ನನಗಿಂತ ಮೊದಲೇ ಸೇರಿದ್ದಳು, ನನ್ನನ್ನು ಸೇರಿಸಿದವಳೂ ಅವಳೇ. ಬೇಯಿಸಿ ಒಣಗಿಸಿ ಕೆಂಪಾದ ಅಡಿಕೆಯನ್ನು ಶೆಡ್ಡಿನ ನೆಲದ ಮೇಲೆ ಗುಡ್ಡೆ ಸುರಿಯುತ್ತಾರೆ. ಸುತ್ತ ಕೂತು, ಮೊರಕ್ಕೆ ಎಳೆದುಕೊಂಡು, ಒಳ್ಳೆಯದು ಒಂದು ಕಡೆ, ಬಲಿತುಹೋದ ಗೊರಬಲು ಒಂದು ಕಡೆ, ಒಡಕು ಹುಳುಕು ಇನ್ನೊಂದು ಕಡೆ ಎಂದು ಬೇರೆ ಮಾಡಬೇಕು. ನಿಂತು ನೋಡುವವರಿಗೆ ಇದು ಸುಲಭದ ಕೆಲಸ. ಹಾಗೆಂದು ಮಂಡಿಯ ಸಾಹುಕಾರರ ಮನೆಯವರು ಒಮ್ಮೆ ಕೂತು ನೋಡಿದರು. ಅರ್ಧ ಗಂಟೆಗೆ ಎದ್ದು ಹೋದರು.

ಅಕ್ಕನದು ಅನುಮಾನದ ಕೈ. ದುಂಡಗೆ, ಕೆಂಪಗೆ, ಹೊಳೆಯುವ ಅಡಿಕೆ ಕಂಡರೆ ಅದನ್ನೇ ಮೊದಲು ಎತ್ತುತ್ತಿದ್ದಳು. ಹೆಬ್ಬೆರಳು ಒದ್ದೆ ಮಾಡಿ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡುತ್ತಿದ್ದಳು. ಕಳಪೆ ಅಡಿಕೆಗೆ ಬಣ್ಣ ಕಟ್ಟಿ ತರುವವರೂ ಇರುತ್ತಾರೆ. ಆಮೇಲೆ ಎರಡು ಅಡಿಕೆಯನ್ನು ಕಿವಿಯ ಹತ್ತಿರ ಒಂದಕ್ಕೊಂದು ತಟ್ಟುತ್ತಿದ್ದಳು. ಗಟ್ಟಿ ಅಡಿಕೆಯ ಸದ್ದು ಚುರುಕು. ಒಳಗೆ ಹುಳು ತಿಂದು ಹುಡಿಯಾದದ್ದರ ಸದ್ದು ಮಂಕು.

ಇದನ್ನು ಅವಳು ಮಂಡಿಯಲ್ಲಿ ಕಲಿತದ್ದಲ್ಲ. ನಮ್ಮ ತವರು ಜಗಳೂರಿನ ಕಡೆಯ ಹಳ್ಳಿ. ಶೇಂಗಾ ಬಿತ್ತುವ ಮೊದಲು ಬೀಜಕ್ಕೆ ಕಾಯಿ ಆರಿಸುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಅಕ್ಕ ಒಂದೊಂದು ಕಾಯಿಯನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ, "ಹೇಳು, ಒಳಗೆ ಎಷ್ಟು ಮಂದಿ ಅದಾರೆ?" ಎಂದು ಕೇಳುತ್ತಿದ್ದಳು. ನಾನು "ಇಬ್ರು" ಎಂದರೆ ಒಡೆದು ತೋರಿಸುತ್ತಿದ್ದಳು. ಸರಿಯಾದರೆ ಬೀಜ ನನ್ನ ಬಾಯಿಗೆ, ತಪ್ಪಾದರೆ ಅವಳ ಬಾಯಿಗೆ. ಆ ಬೇಸಿಗೆಗಳಲ್ಲಿ ಹೆಚ್ಚು ತಿಂದವಳು ಅವಳೇ.

ಹೋದ ವರ್ಷ ಸಾಹುಕಾರರು ಆರಿಸುವ ಮಷೀನು ತರಿಸಿದರು. ಮೇಲಿನಿಂದ ಸುರಿದ ಅಡಿಕೆ ಜಾರಿ ಬೀಳುವಾಗ ಕ್ಯಾಮೆರಾ ಒಂದೊಂದನ್ನೂ ನೋಡುತ್ತದೆ, ಬೇಡದ್ದನ್ನು ಗಾಳಿ ಊದಿ ಬೇರೆ ಕೊಳವೆಗೆ ತಳ್ಳುತ್ತದೆ. "ಹೊರದೇಶದ ಅಡಿಕೆ ಬಂದು ಬೀಳ್ತಾ ಐತೆ. ಕೈಯಾಗೆ ಆರಿಸ್ಕಂತ ಕುಂತ್ರೆ ಅದರ ಮುಂದೆ ನಾವು ನಿಲ್ಲಾಕಾಗಲ್ಲ" ಎಂದರು ಸಾಹುಕಾರರು. ಮಷೀನು ಕೂರಿಸಲು ಬಂದ ಎಂಜಿನಿಯರ್ ಮಾತ್ರ, "ಯಾರ ಕೆಲಸಾನೂ ಹೋಗಲ್ಲಮ್ಮ, ಹಗುರ ಆಗುತ್ತೆ ಅಷ್ಟೇ" ಎಂದ. ನಾವು ಯಾರೂ ನಂಬಲಿಲ್ಲ. ನಮ್ಮ ಸೊಂಟನೋವು ಕಡಿಮೆ ಮಾಡುವುದಕ್ಕೆ ಅಷ್ಟು ದೊಡ್ಡ ಪೆಟ್ಟಿಗೆಯನ್ನು ಯಾರೂ ತರಿಸುವುದಿಲ್ಲ.

ಮಷೀನಿಗೆ ಮೊದಲು ಮಾದರಿ ತೋರಿಸಬೇಕಂತೆ. ಒಳ್ಳೆಯದು ಒಂದು ಬುಟ್ಟಿ, ಕೆಟ್ಟದ್ದು ಒಂದು ಬುಟ್ಟಿ. ಅದೂ ನಮ್ಮ ಕೈಯಿಂದಲೇ ಆರಿಸಿದ್ದು. ಅದನ್ನು ನೋಡಿ ಅದು ಕಲಿಯುತ್ತದೆ.

ನಮ್ಮಲ್ಲಿ ಬಾಯಿ ಜೋರಿನ ಹೆಂಗಸೊಬ್ಬಳಿದ್ದಳು. "ಕಲಿಸಾನ ಬಿಡ್ರೇ, ಚೆನ್ನಾಗೇ ಕಲಿಸಾನ" ಎಂದಳು. "ಗೊರಬಲು, ಹುಳುಕು ತಂದು ಒಳ್ಳೇದ್ರಾಗೆ ಬೆರೆಸ್ರಿ. ನನ್ ಗಂಡನ್ ತರ ಆಗ್ಲಿ ಅದು, ಯಾವ್ದು ಒಳ್ಳೇದು ಯಾವ್ದು ಕೆಟ್ಟದ್ದು ಅಂತ ಸಾಯೋಗಂಟ ಗೊತ್ತಾಗಬಾರ್ದು."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. "ಸುಳ್ಳು ಮಾದರಿ ಕೊಟ್ರೆ ಅವ್ರು ಮಷೀನ್ ವಾಪಸ್ ಕಳ್ಸಲ್ಲ ಕಣ್ರೇ. ನಮ್ಮನ್ನ ಕಳಿಸ್ತಾರೆ" ಎಂದಳು.

"ನೀನ್ಯಾಕೆ ಯಕ್ಕ ಅದರ ಪರ ಮಾತಾಡ್ತೀಯ? ಅದೇನು ನಿನ್ ಅಳಿಯನಾ?"

ಮತ್ತೆ ನಗು. ಒಳ್ಳೆಯ ಅಡಿಕೆಯ ಬುಟ್ಟಿಗೆ ಹಿಡಿ ಹಿಡಿಯಾಗಿ ಕೆಟ್ಟದ್ದು ಬೆರೆಸಿದೆವು. ನಾನೂ ಬೆರೆಸಿದೆ. ಕೈ ಒಪ್ಪಲಿಲ್ಲ, ಬಲವಂತ ಮಾಡಿದೆ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಹೊರಗೆ ಬೇವಿನ ಮರದ ಕೆಳಗೆ ಕೂತೆವು. ಅಕ್ಕ ಬರಲಿಲ್ಲ. ಅವಳ ಬುತ್ತಿ ಹಿಡಿದು ಒಳಗೆ ಹೋದೆ. ಬುಟ್ಟಿಯನ್ನು ಮೊರಕ್ಕೆ ಸುರಿದುಕೊಂಡು ನಾವು ಬೆರೆಸಿದ್ದನ್ನೆಲ್ಲ ಒಂದೊಂದಾಗಿ ಹೆಕ್ಕಿ ತೆಗೆಯುತ್ತಿದ್ದಳು. ನನ್ನನ್ನು ನೋಡಿದಳು. ಕೈ ನಿಲ್ಲಿಸಲಿಲ್ಲ.

"ಕುತ್ಕ, ಇಬ್ರಾದ್ರೆ ಬೇಗ ಆಗ್ತೈತೆ" ಎಂದಳು.

ನಾನು ಬುತ್ತಿಯನ್ನು ಅಲ್ಲೇ ಇಟ್ಟು ಹೊರಗೆ ಬಂದೆ. ಬಂದವಳು ಸುಮ್ಮನಿರಬಹುದಿತ್ತು. ಕಂಡದ್ದನ್ನು ಎಲ್ಲರಿಗೂ ಹೇಳಿದೆ.

ಹೇಳಲು ನನಗೆ ಇನ್ನೊಂದು ಕಾರಣವಿತ್ತು. ಅದಕ್ಕೆ ಎರಡು ವಾರದ ಹಿಂದೆ, ನ್ಯಾಮತಿಯಲ್ಲಿರುವ ಮಗಳ ಮನೆಗೆ ಹೋಗಿಬರುತ್ತೇನೆಂದು ಅಕ್ಕ ಎರಡು ದಿನ ರಜೆ ಹಾಕಿದ್ದಳು. ಅವಳು ಅರ್ಧ ದಾರಿಯಲ್ಲೇ, ಹೊನ್ನಾಳಿಯಲ್ಲಿ ಬಸ್ಸಿಳಿದು ಅಡಿಕೆ ಶೆಡ್ಡೊಂದರ ಒಳಗೆ ಹೋದದ್ದನ್ನು ನಮ್ಮ ಕೇರಿಯವರು ಕಂಡಿದ್ದರು. ಆ ಶೆಡ್ಡಿನಲ್ಲಿ ಇಂಥದೇ ಮಷೀನು ಆಗಲೇ ಓಡುತ್ತಿತ್ತು. ಕೇಳಿದ್ದಕ್ಕೆ "ಒಂದು ಕೆಲ್ಸ ಇತ್ತು" ಎಂದಿದ್ದಳು, ಅಷ್ಟೇ. ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು. ಸಾಹುಕಾರರು ಅವಳನ್ನು ಮಷೀನಿನ ಮೇಸ್ತ್ರಿ ಮಾಡುತ್ತಾರೆ, ಅದಕ್ಕೇ ಕಲಿಯಲು ಕಳಿಸಿದ್ದಾರೆ, ತಂಗಿಗೂ ಹೇಳದಂತೆ ಮಾತು ತೆಗೆದುಕೊಂಡಿದ್ದಾರೆ ಎಂದು ಲೆಕ್ಕ ಹಾಕಿದೆ. ಬುಟ್ಟಿಯ ಮುಂದೆ ಅವಳು ಕೂತದ್ದನ್ನು ಕಂಡಾಗ ನನ್ನ ಲೆಕ್ಕ ಸರಿ ಎನಿಸಿತು.

ಮರುದಿನದಿಂದ ಗುಡ್ಡೆಯ ಸುತ್ತ ಅವಳ ಮಗ್ಗುಲಲ್ಲಿ ಯಾರೂ ಕೂರಲಿಲ್ಲ. "ಮೇಡಮ್ಮೋರು ಬಂದ್ರು, ಕುರ್ಚಿ ಹಾಕ್ರೇ" ಎಂದರು. ಅವಳ ಮೊರವನ್ನು ಮಷೀನಿನ ಪಕ್ಕ ಒಯ್ದಿಟ್ಟರು. ನಾನು ಎದುರುಗಡೆ ಕೂತು ತಲೆ ತಗ್ಗಿಸಿಕೊಂಡು ಆರಿಸಿದೆ. ಒಂದು ವಾರ ಅವಳು ತಡೆದುಕೊಂಡಳು. ಆಮೇಲೆ ಬಟ್ಟೆಯ ಗಂಟು ಹಿಡಿದು ನಮ್ಮ ಮನೆಯ ಬಾಗಿಲಿಗೆ ಬಂದಳು.

"ಮಗಳ ಮನೆಗೆ ಹೊಂಟೀನಿ. ನೀನೂ ಹಂಗೇ ಅಂದ್ಕಂಡಿಯೇನೇ?"

"ಹೊನ್ನಾಳಿಯಾಗೆ ಏನ್ ಕೆಲ್ಸ ಇತ್ತು, ಅದನ್ನ ಹೇಳು."

"ಹೇಳಿದ್ರೆ ನಂಬ್ತೀಯಾ?"

ನಾನು ಅವಳ ಕೈಯ ಗಂಟು ನೋಡಿದೆ. ಅವಳು ಸೊಂಟದ ಚೀಲದ ಮೇಲೆ ಕೈಯಿಟ್ಟಳು, ಎಲೆಯಡಿಕೆ ಹಾಕುತ್ತಾಳೆ ಎಂದುಕೊಂಡೆ. ಹಾಕಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಎರಡು ತಿಂಗಳಿಗೆ ಸುದ್ದಿ ಬಂತು. ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದವಳು ಕೂತಳಂತೆ, ಮತ್ತೆ ಏಳಲಿಲ್ಲ. ನಾನು ನ್ಯಾಮತಿ ಮುಟ್ಟುವಷ್ಟರಲ್ಲಿ ಮಲಗಿಸಿ ಹೂವು ಹಾಕಿದ್ದರು. ಅವಳ ಬಲಗೈ ಹೆಬ್ಬೆರಳಿಗೆ ಅಡಿಕೆ ಉಜ್ಜಿ ಹತ್ತಿದ್ದ ಕೆಂಪು ಹೋಗಿರಲಿಲ್ಲ. ಎರಡು ತಿಂಗಳಿಂದ ಅಡಿಕೆ ಮುಟ್ಟದ ಕೈಯಲ್ಲಿ ಕೆಂಪು ಹೇಗೆ ಉಳಿಯಿತು ಎಂದು ಅಲ್ಲೂ ಅನುಮಾನಿಸಿದೆ. ನನ್ನ ಬಗ್ಗೆ ಬರೆಯಲು ನಾಚಿಕೆಯಾಗುವ ಮಾತು ಇದು, ಆದರೆ ನಿಜ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಮತ್ತೆ ಹೋದೆ. ಊಟವಾದ ಮೇಲೆ ಎಲೆಯಡಿಕೆ ತಟ್ಟೆ ಬಂತು. ಅಡಿಕೆ ಸಾಲಲಿಲ್ಲವೆಂದು ಪಕ್ಕದ ಮನೆಯ ಹೆಂಗಸು ಗೂಟಕ್ಕೆ ನೇತುಹಾಕಿದ್ದ ಅಕ್ಕನ ಚೀಲ ತೆಗೆದು, ಒಳಗಿದ್ದ ಅಡಿಕೆಯನ್ನು ತಟ್ಟೆಗೆ ಸುರಿದಳು. ಭಾವನ ಕಡೆಯ ಮುದುಕರೊಬ್ಬರು ಎಲ್ಲಕ್ಕಿಂತ ಚೆಂದದ್ದನ್ನು ಆರಿಸಿ ಅಡಕತ್ತರಿಗೆ ಕೊಟ್ಟರು. ಕಂದು ಹುಡಿ ಅವರ ಬಿಳಿ ಪಂಚೆಯ ಮೇಲೆ ಬಿತ್ತು.

"ಥೂ, ಎಂಥ ಅಡಿಕೆ ತಂದೀರವ್ವಾ! ಮ್ಯಾಲೆ ಮದುವಣಗಿತ್ತಿ, ಒಳಗೆ ಬರೇ ಹುಡಿ!"

ಇನ್ನೊಂದು ಕತ್ತರಿಸಿದರು. ಅದೂ ಹುಡಿ. ಪಕ್ಕದವರು ಕತ್ತರಿಸಿದ್ದೂ ಹಾಗೇ. "ಜೀವಮಾನೆಲ್ಲ ಅಡಿಕೆ ಆರಿಸಿದಾಕಿ ಮನ್ಯಾಗೇ ಹಿಂಗೇನ್ರೀ!" ಎಂದು ಯಾರೋ ನಕ್ಕರು.

ನಾನು ಎದ್ದು ಹೋಗಿ ತಟ್ಟೆ ಎತ್ತಿಕೊಂಡೆ. ಎಂಟು ಉಳಿದಿದ್ದವು. ಒಂದೊಂದೂ ದುಂಡಗೆ, ಕೆಂಪಗೆ, ಮಾದರಿ ಬುಟ್ಟಿಗೆ ಹಾಕುವಂತಿದ್ದವು. ಕಿವಿಯ ಹತ್ತಿರ ತಟ್ಟಿದೆ. ಒಂದೊಂದೂ ಮಂಕು. ಒಂದರ ಬಣ್ಣ ನನ್ನ ಒದ್ದೆ ಬೆರಳಿಗೆ ಅಂಟಿತು. ಕೈತಪ್ಪಿ ಒಂದು ಕೆಟ್ಟ ಅಡಿಕೆ ಚೀಲಕ್ಕೆ ಬರಬಹುದು. ಎಲ್ಲವೂ ಕೆಟ್ಟವೇ ಇರಬೇಕಾದರೆ ಆರಿಸಿಯೇ ಹಾಕಿರಬೇಕು.

ಅಷ್ಟರಲ್ಲಿ ಅಕ್ಕನ ಮಗಳು ಒಳಗಿನಿಂದ ಬಂದಳು. "ಅಯ್ಯೋ ಚಿಗವ್ವ, ಅವನ್ನ ತಟ್ಟೆಗೆ ಹಾಕಿದ್ ಯಾರು? ಅವು ತಿನ್ನೋವಲ್ಲ! ಅವ್ವ ದಿನಾ ತೆಗ್ದು ಉಜ್ಜಿ ಉಜ್ಜಿ ನೋಡಾಳು, ನಮ್ಮನ್ನ ಮುಟ್ಟಾಕೂ ಬಿಡ್ತಿರ್ಲಿಲ್ಲ. ಹೊನ್ನಾಳಿ ಮಷೀನಾಗೆ ಪಾಸಾದ ಅಡಿಕೆ ಅಂತೆ ಅವು."

ಮಗಳು ಹೇಳಿದ ಪ್ರಕಾರ, ಹೊನ್ನಾಳಿಯಲ್ಲಿ ಅಕ್ಕ ಎರಡು ದಿನ ಆ ಶೆಡ್ಡು ಗುಡಿಸಿಕೊಟ್ಟಿದ್ದಳು. ಕೂಲಿಯ ಬದಲು, ಒಳ್ಳೆಯ ಅಡಿಕೆ ಬೀಳುವ ಕೊಳವೆಯ ಹತ್ತಿರ ನಿಲ್ಲಲು ಬಿಡಿ ಎಂದು ಕೇಳಿದ್ದಳು. ಸರಿಯಾದ ಮಾದರಿ ನೋಡಿ ಕಲಿತ ಮಷೀನಿಗೂ ಯಾವ ಕೆಟ್ಟ ಅಡಿಕೆ ಗೊತ್ತಾಗುವುದಿಲ್ಲ ಎಂದು ತಿಳಿಯುವುದು ಅವಳ ಉದ್ದೇಶ. ಅದು ತಪ್ಪಿ ಪಾಸು ಮಾಡಿದ್ದನ್ನು ಹೆಕ್ಕಿ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ಸುಳ್ಳು ಮಾದರಿ ಕೊಟ್ಟಿದ್ದರೆ ತಪ್ಪು ನಮ್ಮದಾಗುತ್ತಿತ್ತು, ಈ ತಪ್ಪು ಮಷೀನಿನದೇ.

"ಯಾರಿಗೆ ತೋರಿಸಾಕೆ ಇಟ್ಕಂಡಿದ್ಲು?" ಎಂದು ಕೇಳಿದೆ.

"ನಿಂಗೆ ಅಂತಿದ್ಲು. ಒಂದೊಂದ್ಸಲ ಸಾವ್ಕಾರ್ರಿಗೆ ಅಂತಿದ್ಲು. ನಂಗೆ ಸರಿಯಾಗಿ ಗೊತ್ತಿಲ್ಲ ಚಿಗವ್ವ."

ಆ ಎಂಟನ್ನು ಚೀಲಕ್ಕೆ ಹಾಕಿಕೊಂಡು ಚನ್ನಗಿರಿಗೆ ಬಂದೆ.

ಮಂಡಿಯಲ್ಲಿ ಆಗ ಮಷೀನು ಪೂರ್ತಿ ಓಡುತ್ತಿತ್ತು. ಯುಗಾದಿ ಕಳೆದ ಮೇಲೆ ಇಬ್ಬರು ಸಾಕು, ಅದೂ ಚೀಲ ಹೊಲಿಯಲು ಎಂದು ಸಾಹುಕಾರರು ಹೇಳಿಯಾಗಿತ್ತು. ನಾವು ಹತ್ತು ಜನ ಉಳಿದಿದ್ದೆವು, ಆ ಇಬ್ಬರು ಯಾರಾಗಬಹುದೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

"ಸಾವ್ಕಾರ್ರೇ, ಈ ಎಂಟು ಅಡಿಕೇನಷ್ಟೇ ಒಂದ್ಸಲ ಮಷೀನಿಗೆ ಹಾಕ್ಸಿ ನೋಡ್ರಿ" ಎಂದೆ.

ಹಾಕಿಸಿದರು. ಎಂಟೂ ಒಳ್ಳೆಯ ಕಡೆಗೇ ಬಿದ್ದವು. "ಸರಿ ಐತಲ್ಲ, ಏನೀಗ?" ಎಂದರು. ಒಂದನ್ನು ಒಡೆದು ನೋಡಿ ಎಂದೆ. ಒಡೆದು, ಅಂಗೈಯ ಹುಡಿ ನೋಡಿ, ಇನ್ನೊಂದಕ್ಕೆ ಕೈ ಹಾಕಲು ಹೋದರು. ನಾನು ಏಳನ್ನೂ ಬಾಚಿಕೊಂಡೆ.

"ಇಂಥವು ನಾಲ್ಕು ಸಿಕ್ರೆ ಸಾಕು, ತಗಂಡೋರು ಲೋಡೇ ವಾಪಸ್ ಕಳಿಸ್ತಾರೆ" ಎಂದರು, ನನಗಲ್ಲ, ತಮಗೇ.

ಒಳ್ಳೆಯ ಅಡಿಕೆ ಬೀಳುವ ಕಡೆ ನಿಂತು ಉಜ್ಜಿ, ತಟ್ಟಿ ನೋಡಲು ನನ್ನನ್ನೂ ಸೇರಿಸಿ ನಾಲ್ವರನ್ನು ಇಟ್ಟುಕೊಂಡರು. ಎಲ್ಲರಿಗೂ ಆ ಕಿವಿ ಇದೆ, ಎಲ್ಲರೂ ಇರಲಿ ಎಂದು ಕೇಳಿದೆ. ನಾಲ್ವರೇ ಎಂದರು. ಆರು ಜನ ಹೋದರು. ಬಾಯಿ ಜೋರಿನವಳು ಅವರಲ್ಲೊಬ್ಬಳು. ಈಗ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಸಂತೆಯಲ್ಲಿ ನನ್ನನ್ನು ಕಂಡರೆ, "ಅಕ್ಕ ಬುಟ್ಟಿ ಆರಿಸಿಕೊಟ್ಲು, ತಂಗಿ ಜಾಗ ಹಿಡ್ಕಂಡ್ಲು" ಎಂದು ನನ್ನ ಕಿವಿಗೆ ಬೀಳುವಂತೆ ಅನ್ನುತ್ತಾಳೆ. ನಾನು ಅಕ್ಕನ ಬಗ್ಗೆ ಅಂದದ್ದನ್ನೇ ಅವಳು ನನ್ನ ಬಗ್ಗೆ ಅನ್ನುತ್ತಾಳೆ. ನಾನು ತರಕಾರಿ ಆರಿಸುತ್ತೇನೆ.

ಸುದ್ದಿ ಮುಟ್ಟಿ ಎಂಜಿನಿಯರ್ ಬಂದ. "ಅಮ್ಮಾ, ಆ ಅಡಿಕೆ ಕೊಡಿ. ಇಂಥದೇ ಬೇಕಾಗಿರೋದು ನಮಗೆ. ಅದಕ್ಕೂ ಕಲಿಸ್ತೀವಿ."

"ಅದು ಕಲ್ತ್ ಮ್ಯಾಲೆ ನಾವೆಲ್ಲಿ ನಿಂತ್ಕಾಬೇಕು?"

"ನಿಮಗೇನೂ ಆಗಲ್ಲಮ್ಮ." ಮೊದಲ ದಿನ ಹೇಳಿದ ಅದೇ ದನಿ.

ಕೊಡದಿದ್ದರೆ ಇಂಥ ಅಡಿಕೆ ಇವತ್ತಲ್ಲ ನಾಳೆ ಅವನಿಗೆ ಬೇರೆಲ್ಲಾದರೂ ಸಿಕ್ಕೇ ಸಿಗುತ್ತದೆ. ಕೊಟ್ಟರೆ ನನ್ನ ಕೈ ಬರಿದು. ಅಕ್ಕ ಇದ್ದಿದ್ದರೆ ಏನು ಮಾಡುತ್ತಿದ್ದಳು ಎಂದು ನನಗೆ ಗೊತ್ತಿಲ್ಲ. ಬಾಗಿಲಲ್ಲಿ ನಿಂತಾಗ ಅವಳ ಕೈ ಈ ಚೀಲದ ಮೇಲಿತ್ತು ಎಂಬುದಷ್ಟೇ ಗೊತ್ತು.

"ಒಂದೊಂದೇ ಕೊಡ್ತೀನಿ ಸಾರ್" ಎಂದೆ. "ಒಂದು ಕೊಟ್ಟಾಗ ನೀವೂ ಒಂದು ಹೇಳ್ಕೊಡ್ಬೇಕು. ಆ ಪರದೆ ಮ್ಯಾಲೆ ಏನೇನೋ ಒತ್ತುತೀರಲ್ಲ, ಅದು."

ಅವನು ನಕ್ಕ. "ಎಷ್ಟು ಓದಿದೀರಮ್ಮ?"

"ಏಳನೇ ಕ್ಲಾಸು. ನೀವು ಹೇಳ್ರಿ, ತಿಳೀದೇ ಇದ್ರೆ ಮತ್ತೆ ಕೇಳ್ತೀನಿ."

ತಿಂಗಳಿಗೊಮ್ಮೆ ಬರುತ್ತಾನೆ. ಮೊದಲ ಅಡಿಕೆಗೆ ಕ್ಯಾಮೆರಾದ ಗಾಜು ಒರೆಸುವುದು ತೋರಿಸಿದ. ಅದು ಕಸ ಗುಡಿಸುವ ಕೆಲಸವೇ ಎಂದು ಎರಡನೆಯದನ್ನು ಕೊಡಲಿಲ್ಲ. ಆಮೇಲೆ ಅದಕ್ಕೆ ಗಾಳಿ ಹೆಚ್ಚು ಕಡಿಮೆ ಮಾಡುವುದು ಹೇಳಿಕೊಟ್ಟ. ಮೂರನೆಯದಕ್ಕೆ, ಎಷ್ಟು ಕೆಂಪಿದ್ದರೆ ಕೆಂಪು ಎಂದು ಮಷೀನಿಗೆ ಹೇಳುವುದು. ನಾಲ್ಕನೆಯದಕ್ಕೆ, ಹೊಸ ಮಾದರಿ ತೋರಿಸುವುದು. ಅವನು ಹೋದ ಮೇಲೆ ಹೇಳಿಕೊಟ್ಟದ್ದನ್ನೆಲ್ಲ ಒತ್ತಿ ನೋಡುತ್ತೇನೆ, ಏನಾದರೂ ಬಚ್ಚಿಟ್ಟಿದ್ದಾನೆಯೇ ಎಂದು. ಉಳಿದ ಮೂವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಒತ್ತುತ್ತೇನೆ. ಒಬ್ಬಳೇ ಮಾಡಿದರೆ ಏನಾಗುತ್ತದೆ ಎಂದು ಕಂಡಿದ್ದೇನೆ.

ಇನ್ನು ಮೂರಿವೆ. ಪರದೆಗೆ ಪಾಸ್‌ವರ್ಡ್ ಹಾಕುವಾಗ ಅವನು ನಮಗೆ ಬೆನ್ನು ತಿರುಗಿಸುತ್ತಾನೆ. ಐದನೆಯದಕ್ಕೆ ಅದನ್ನು ಕೇಳಬೇಕು. ಆರನೆಯದಕ್ಕೆ ಏನೆಂದು ಮೂವರೂ ಸೇರಿ ಯೋಚಿಸುತ್ತಿದ್ದಾರೆ. ಏಳನೆಯದು ಬಣ್ಣ ಕಟ್ಟಿದ ಅಡಿಕೆ. ಅಕ್ಕನ ಹೆಬ್ಬೆರಳಿಗೆ ಅಂಟಿದ್ದು ಅದರ ಕೆಂಪೇ ಇರಬೇಕು. ಅದನ್ನು ಯಾರಿಗೂ ಕೊಡುವುದಿಲ್ಲ.